ಹುಚ್ಚಯ್ಯ ಒಂದೇ ಸಲ ಓಡಿಸಿದ ಲಾರಿ

ಅಜ್ಮತ್ ಉಲ್ಲಾ ಗುಂಡ್ಲುಪೇಟೆಯಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ. ಯುದ್ಧಕಾಲದಲ್ಲಿ ಮೈಸೂರಿನ ಪಟಾಲಮ್ಮಿನೊಂದಿಗೆ ಸಿಂಗಪುರಕ್ಕೆ ಹೋಗಿ, ಜಪಾನಿಯರಿಗೆ ಸೆರೆಸಿಕ್ಕು, ಮೂರೂವರೆ ವರ್ಷ ಅವರ ಲಾರಿಗಳನ್ನೇ ರಿಪೇರಿ ಮಾಡಿ ಬದುಕಿ ಬಂದವನು. ಜೊತೆಗೆ ಹೋಗಿ ಸೆರೆಯಲ್ಲೂ ಅದೇ ಶೆಡ್ಡಿನಲ್ಲಿ ದುಡಿದ ಹರದನಹಳ್ಳಿಯ ಹುಚ್ಚಯ್ಯ ಮರಳಲಿಲ್ಲ. ಜ್ವರ ಬಂದು ತೀರಿಹೋದ ಎಂದು ಅವನ ಹೆಂಡತಿ ಸೋಮಮ್ಮನಿಗೆ ಹೇಳಿದವನು ಅಜ್ಮತ್ತೇ.

ಐವತ್ತೆಂಟನೇ ಇಸವಿಯ ಆಷಾಢದಲ್ಲಿ ಸೋಮಮ್ಮ ತಮ್ಮನ ಈರುಳ್ಳಿ ಚೀಲಗಳ ಜೊತೆ ಮಂಡಿಗೆ ಬಂದವಳು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವನ ಶೆಡ್ಡಿನ ನೆರಳಲ್ಲಿ ಕೂತಿದ್ದಳು. ಲಾರಿ ಡ್ರೈವರ್ ಕರಿಬಸವಯ್ಯ ಪೇಪರು ಓದುತ್ತಿದ್ದ.

"ಜಪಾನಿನ ಟೊಯೊಟಾ ಕಂಪ್ನಿ ಅಂತೆ ಕಣಣ್ಣ. ಮೊದ್ಲು ಮಗ್ಗ ಮಾಡ್ತಿದ್ದೋರಂತೆ. ಆಮ್ಯಾಕೆ ಕಾರು, ಯುದ್ಧದಲ್ಲಿ ಲಾರಿ. ಸೋತ್ಮ್ಯಾಲೆ ಮುಚ್ಚೋ ಅಂಗಾಗಿತ್ತಂತೆ. ಈಗ ಅಮೆರಿಕಾಕ್ಕೇ ಕಾರು ಮಾರಕ್ಕೊಂಟವ್ರೆ!"

"ಗೊತ್ತು. ಅವ್ರ ಲಾರಿ ಬಿಚ್ಚಿದೀನಿ," ಎಂದ ಅಜ್ಮತ್.

ಕರಿಬಸವಯ್ಯ ಟೀ ಕುಡಿಯಲು ಎದ್ದುಹೋದ. ಸೋಮಮ್ಮ ಕೇಳಿದಳು: "ನಮ್ಮೆಜಮಾನ್ರು ಓಡುಸ್ತಿದ್ದುದೂ ಅದ್ನೇಯಾ?"

"ಓಡುಸ್ತಿರ್ಲಿಲ್ಲ ತಾಯಿ. ಒಂದೇ ಸಲ ಓಡ್ಸಿದ್ದು."

ಮಾತು ಬಾಯಿಂದ ಬಂದುಬಿಟ್ಟಿತ್ತು.

"ಒಂದೇ ಸಲ ಅಂದ್ರೆ?"

"ಜ್ವರ ಅಲ್ಲ ತಾಯಿ. ರಿಪೇರಿಯಾದ ಲಾರಿನ ಯಾವಾಗ್ಲೂ ಜಪಾನಿನವ್ರೇ ಓಡುಸ್ಕಂಡು ಓಗೋರು. ಅದ್ಕೇ ನಾನು ಬ್ರೇಕು ಸಡಿಲ ಮಾಡಿಟ್ಟಿದ್ದೆ. ಅವತ್ತು ಉಚ್ಚಯ್ಯನ್ನ ಅತ್ತುಸ್ಬುಟ್ರು. ಮುಂದೆ ಇಳಿಜಾರು."

"ನೀನು ಕೂಗ್ಲಿಲ್ವಾ?"

"ಕೂಗಿದ್ರೆ ಬ್ರೇಕು ಕೆಡ್ಸಿದ್ದು ಅವ್ರಿಗೆ ಗೊತ್ತಾಗಿ ಶೆಡ್ಡಲ್ಲಿದ್ದ ಎಂಟು ಜನ್ವೂ ಸಾಯ್ತಿದ್ರು. ಕೂಗ್ಲಿಲ್ಲ."

ಇದನ್ನು ಹೇಳುವ ದಿನ ತನ್ನ ಎದೆಯೊಡೆಯುತ್ತದೆಂದು ಅವನು ಹದಿನೈದು ವರ್ಷ ಅಂದುಕೊಂಡಿದ್ದ. ಏನೂ ಆಗಲಿಲ್ಲ. ಯಾರದೋ ಮನೆಯ ಸುದ್ದಿ ಹೇಳಿದ ಹಾಗಿತ್ತು. ಮಂಡಿಯಲ್ಲಿ ಯಾರೋ ಚೀಲ ಎಣಿಸುತ್ತಿದ್ದರು. ಅದನ್ನು ಕೇಳಿಸಿಕೊಳ್ಳುತ್ತ ನಿಂತ.

ಸೋಮಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ. "ಯಾವತ್ತು ಅಂತ ಗ್ಯಾಪ್ಕ ಅದಾ?" ಎಂದಳು.

"ರಂಜಾನ್ ಅಬ್ಬ ಆಗಿ ಮೂರ್ನೇ ದಿನ. ಊರಲ್ಲಿ ದಸರಾ ಸುರುವಾಗಿರ್ತದೆ ಅಂತ ಬೆಳಿಗ್ಗೆ ಅವ್ನೇ ಅಂದಿದ್ದ."

ಅವಳು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿದಳು. "ಅಬ್ಬದ ದಿನ ಬಿದಿಗೆ. ಅಂಗಾದ್ರೆ ಅವತ್ತು ಚೌತಿ. ದಿನ ಗೊತ್ತಿಲ್ದೆ ಮಾಲಯ ಅಮಾಸೆಗೆ ಎಡೆ ಇಕ್ತಿದ್ದೆ."

ಬಸ್ಸು ಹಾರ್ನ್ ಹೊಡೆಯಿತು. ಎದ್ದು ಸೀರೆ ಕೊಡವಿಕೊಂಡು, "ನಮ್ಮತ್ತೆ ಕಿವಿಗೆ ಬೀಳ್ಬಾರ್ದು. ಅವ್ಳಿಗೆ ಜ್ವರನೇ ಇರ್ಲಿ," ಎಂದು ಹೇಳಿ ಹೋದಳು.

ಆ ವರ್ಷ ದಸರಾ ಚೌತಿಯಂದು ಅಜ್ಮತ್ ಶೆಡ್ಡು ಮುಚ್ಚಿ ಹರದನಹಳ್ಳಿಗೆ ಹೋದ. ಯಾರೂ ಕರೆದಿರಲಿಲ್ಲ. ಅವನು ಬಾಗಿಲಲ್ಲಿ ನಿಂತಿದ್ದನ್ನು ಕಂಡು ಸೋಮಮ್ಮ ಎಡೆಯ ಮುಂದಿನಿಂದ ಎದ್ದು ಬಂದಳು. ಆಮೇಲೆ ಹಜಾರದಲ್ಲಿ ಎಲೆ ಹಾಕಿದಳು.

"ಉಣ್ಣು," ಎಂದಳು.

ಅವನು ಉಂಡ. ರುಚಿ ತಿಳಿಯಲಿಲ್ಲ. ಇನ್ನೊಂದು ಸಲ ಬಡಿಸಲು ಬಂದಾಗಲೂ ಬೇಡ ಅನ್ನಲಿಲ್ಲ. ಕೈತೊಳೆದು, ಹುಚ್ಚಯ್ಯನ ಮುದಿ ತಾಯಿಗೆ ಕೈಮುಗಿದು, ಸಂಜೆಯ ಬಸ್ಸು ಹತ್ತಿದ.