ಮೆಟ್ಟಿಲ ಮೇಲಿನ ತಟ್ಟೆ

“ಏಣಿ ಹೊರೋನು ಏಣಿ ಹತ್ತಿರಾನೇ ನಿಂತ್ಕೋ. ಓದಿದವರು ಮಾತಾಡೋ ಕಡೆ ಮೂಗು ತೂರಿಸ್ಬೇಡ. ನೋಡಿ ಸಾರ್, ಹಲ್ಲು ಬೇರೆ ಕಿರೀತಾನೆ! ಇವರ ಕಂಪನಿಗೆ ಕಳಿಸೋಕೆ ಬೇರೆ ಮನುಷ್ಯನೇ ಸಿಗಲಿಲ್ವಂತಾ?”

ಆಸ್ಪತ್ರೆಯ ಮುಂದಿನ ಹಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಆಡಳಿತಾಧಿಕಾರಿ ನಕ್ಕರು. ವೈಫೈ ಮಾರಲು ಬಂದಿದ್ದ ಕಂಪನಿಗಳವರು ನಕ್ಕರು. ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಿದ್ದ ರೋಗಿಗಳಲ್ಲೂ ಒಬ್ಬಿಬ್ಬರು ನೋವು ಮರೆತು ನಕ್ಕರು. ನಗದೆ ಉಳಿದವರೆಂದರೆ ಹೆಡ್ ನರ್ಸಮ್ಮ, ಮತ್ತು ಆ ಮಾತು ಅನ್ನಿಸಿಕೊಂಡವನು.

ಅಂದವನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅನ್ನಿಸಿಕೊಂಡವನು ಅವನ ಬೆನ್ನಿಗೆ ಹುಟ್ಟಿದ ತಮ್ಮ.

ಅವತ್ತು ಬೆಳಿಗ್ಗೆಯಷ್ಟೇ ಇಬ್ಬರೂ ಒಂದೇ ಬಚ್ಚಲಿಗೆ ಜಗಳವಾಡಿದ್ದರು. ಅಮ್ಮ ಇಬ್ಬರ ಊಟದ ಡಬ್ಬಿಗೂ ಒಂದೇ ಪಾತ್ರೆಯಿಂದ ಬಡಿಸಿದ್ದಳು. ತಮ್ಮನ ಮೈಮೇಲಿದ್ದ ಇಸ್ತ್ರಿ ಅಂಗಿ ಕೂಡ ಅಣ್ಣನದೇ. ಆಸ್ಪತ್ರೆಯ ಕಮಿಟಿ ಕಂಪನಿಗಳ ಕೆಲಸ ನೋಡಿ ಮಾರ್ಕು ಹಾಕುವ ದಿನ ಅಣ್ಣನ ಎದುರು ಕೊಳಕು ಅಂಗಿಯಲ್ಲಿ ನಿಲ್ಲಬಾರದೆಂದು ಹೇಳದೆ ಕೇಳದೆ ಹಾಕಿಕೊಂಡು ಬಂದಿದ್ದ. ಅಣ್ಣನನ್ನು ಕಂಡೊಡನೆ ಮುಖ ಅರಳಿತ್ತು, ಎರಡು ಹೆಜ್ಜೆ ಮುಂದೆ ಹೋಗಿದ್ದ. ಅಷ್ಟಕ್ಕೇ ಈ ಮಂಗಳಾರತಿ.

ತಮ್ಮ ಗೋಡೆಗೆ ಒರಗಿಸಿದ್ದ ಏಣಿಯ ಹತ್ತಿರ ಹೋಗಿ ನಿಂತ. ಕಿವಿ ಕಾದ ಹೆಂಚಾಗಿತ್ತು. ಆದರೂ ಮನಸ್ಸು ಅಣ್ಣನ ಪರವಾಗಿಯೇ ವಾದ ಹೂಡಿತು. ಹಿಂದಿನ ದಿನ ಊಟಕ್ಕೆ ಕೂತಾಗ ಅಣ್ಣ ಹೇಳಿರಲಿಲ್ಲವೇ?

“ನಾಳೆ ನೀನು ಬರಬೇಡ್ವೋ. ನಿಮ್ಮ ಯಜಮಾನ್ರಿಗೆ ಹೇಳು, ಬೇರೆ ಯಾರಾದ್ರೂ ಬರಲಿ.”

“ಯಾಕಣ್ಣಾ? ವೈಫೈ ಹಾಕಿದ್ದು ನಾನು, ನಾನಿಲ್ದೆ ಹೇಗೆ?”

“ಸುಮ್ನೆ ಹೇಳಿದ್ದು ಕೇಳು. ಎಲ್ಲದಕ್ಕೂ ಯಾಕೆ ಅಂತೀಯ.”

ತಮ್ಮನ ಎದುರಿಗೇ ಕಡಿಮೆ ಮಾರ್ಕು ಹಾಕಬೇಕಾದೀತೆಂದು ಅಣ್ಣನಿಗೆ ಸಂಕೋಚ ಇರಬೇಕು ಅಂದುಕೊಂಡು ತಮ್ಮ ಒಳಗೊಳಗೇ ನಕ್ಕಿದ್ದ. ಕಡಿಮೆ ಹಾಕೋ ಮಾತೇ ಇಲ್ಲ ಬಿಡು, ಬಂದು ನೋಡು ನನ್ನ ಮಹಡಿನ, ಎಂದು ಎದೆಯುಬ್ಬಿಸಿ ಮಲಗಿದ್ದ.

ಅವನ ಆಸೆ ದೊಡ್ಡದೇನಲ್ಲ. ಯಜಮಾನರ ಎರಡು ಕೋಣೆಯ ಅಂಗಡಿಗೆ ಈ ಆಸ್ಪತ್ರೆಯ ಕೆಲಸ ಸಿಕ್ಕರೆ ಉಸ್ತುವಾರಿಗೆ ಅವನನ್ನು ಇಲ್ಲೇ ಕೂರಿಸುವುದೆಂದು ಮಾತಾಗಿತ್ತು. ಆಗ ಅಣ್ಣನ ಗಾಡಿಯ ಹಿಂದೆ ಕೂತು ಬರಬಹುದು. ಮಧ್ಯಾಹ್ನ ಇಬ್ಬರೂ ಎದುರುಬದುರು ಡಬ್ಬಿ ಬಿಚ್ಚಬಹುದು. ಯಾರಾದರೂ ಕೇಳಿದರೆ ಅಣ್ಣ ಬಾಯಿ ತುಂಬ, “ಇವನಾ? ನನ್ನ ತಮ್ಮ” ಅನ್ನುತ್ತಾನೆ. ಆ ಒಂದು ಮಾತಿಗಾಗಿ ಅವನು ಮೂರನೇ ಮಹಡಿಯ ಚಾವಣಿಯ ಸಂದಿಯಲ್ಲಿ ಧೂಳು ನುಂಗುತ್ತಾ ಹಲ್ಲಿಯ ಹಾಗೆ ತೆವಳಿ ಕೇಬಲ್ ಎಳೆದಿದ್ದ. ಯಜಮಾನರಿಗೂ ಈ ಸಂಬಂಧ ಹೇಳಿರಲಿಲ್ಲ. ಕೆಲಸ ಸಿಕ್ಕ ಮೇಲೆ ಹೇಳಿ ಬೆರಗು ಹುಟ್ಟಿಸಬೇಕೆಂದು ಸಿಹಿ ಬಚ್ಚಿಟ್ಟವನಂತೆ ಬಚ್ಚಿಟ್ಟುಕೊಂಡಿದ್ದ.

ಆಡಳಿತಾಧಿಕಾರಿ ಗಂಟಲು ಸರಿಮಾಡಿಕೊಂಡರು. “ನೋಡಿ, ಶುರು ಮಾಡೋಕೆ ಮುಂಚೆ ಒಂದು ಮಾತು. ನಮ್ಮ ಕಮಿಟಿಯಲ್ಲಿ ಯಾರಿಗಾದ್ರೂ ಈ ಕಂಪನಿಗಳಲ್ಲಿ ನೆಂಟರು ಇಷ್ಟರು ಇದ್ರೆ ಈಗಲೇ ಹೇಳಿಬಿಡಿ, ಮಾರ್ಕು ಹಾಕೋದರಿಂದ ದೂರ ಉಳೀರಿ. ಆಮೇಲೆ ಗೊತ್ತಾದ್ರೆ ನಾನು ಸುಮ್ನಿರೋನಲ್ಲ.”

ಕಮಿಟಿಯಲ್ಲಿದ್ದ ಹೆಡ್ ನರ್ಸಮ್ಮ ಯಾರೂ ಇಲ್ಲವೆಂದು ತಲೆಯಾಡಿಸಿದರು. ಅಣ್ಣ ಬೂಟಿನ ತುದಿ ನೋಡಿಕೊಂಡ.

ಆಗ ತಮ್ಮನಿಗೆ ಹೊಳೆಯಿತು, ಬರಬೇಡ ಅಂದದ್ದು ಯಾಕೆ ಎಂದು. ಹೇಳ್ತಾನೆ, ಈಗ ಹೇಳ್ತಾನೆ, ಎಂದು ಕಾದ. ಹೇಳಿದ್ದರೆ ಏನಾಗುತ್ತಿತ್ತು? ಮಾರ್ಕು ಹಾಕುವುದು ತಪ್ಪುತ್ತಿತ್ತು, ಅಷ್ಟೇ. ಕಮಿಟಿಯ ಕುರ್ಚಿಯ ಬಿಸಿ ಒಂದು ದಿನ ಕಳೆದುಕೊಳ್ಳಲೂ ಅಣ್ಣನಿಗೆ ಮನಸ್ಸಿರಲಿಲ್ಲ. ಏಣಿ ಹೊರುವವನನ್ನು ತಮ್ಮ ಅಂತ ತೋರಿಸಲು ಮೊದಲೇ ಮನಸ್ಸಿರಲಿಲ್ಲ.

“ಯಾರೂ ಇಲ್ಲ ಅಲ್ವಾ? ಸರಿ, ನಡೀರಿ.”

ಪರೀಕ್ಷೆಗೆಂದು ಒಂದೊಂದು ಕಂಪನಿಗೆ ಒಂದೊಂದು ಮಹಡಿ ಬಿಟ್ಟುಕೊಟ್ಟಿದ್ದರು. ಎಲ್ಲರಿಗೂ ಒಂದೇ ಸಂಖ್ಯೆಯ ತಟ್ಟೆ, ಎಲ್ಲಿ ಬೇಕಾದರೂ ಹಾಕಿಕೊಳ್ಳಲಿ. ತಟ್ಟೆ ಎಂದರೆ ಸಿಗ್ನಲ್ ಬಿಡುವ ಬಿಳಿಯ ಯಂತ್ರ. ಅದಕ್ಕೆ ದೊಡ್ಡ ಇಂಗ್ಲಿಷ್ ಹೆಸರಿದೆ, ಆದರೆ ಚಾವಣಿಗೆ ಅಂಟಿಸುವವರು ಅದನ್ನು ಕಂಡ ಹಾಗೆ ಕರೆಯುತ್ತಾರೆ. ಪರೀಕ್ಷೆ ಮಾಡುವ ಜಾಗಗಳನ್ನು ಆರಿಸಿದವನು ಅಣ್ಣ. ಅವು ಯಾವುವೆಂದು ಆ ಗಳಿಗೆಯವರೆಗೆ ಯಾವ ಕಂಪನಿಗೂ ಹೇಳಿರಲಿಲ್ಲ.

ಪರೀಕ್ಷೆಯ ಕ್ರಮ ತಮಾಷೆಯಾಗಿತ್ತು. ಕೆಳಗೆ ಸ್ವಾಗತದ ಕೌಂಟರಿನ ಹುಡುಗಿ ಫೋನ್ ಹಿಡಿದು ದಿನಪತ್ರಿಕೆಯನ್ನು ಜೋರಾಗಿ ಓದುತ್ತಲೇ ಇರಬೇಕು. ಮೇಲೆ ನರ್ಸಮ್ಮ ಇನ್ನೊಂದು ಫೋನನ್ನು ವೈಫೈಗೆ ಹಾಕಿಕೊಂಡು, ಆ ದನಿಯನ್ನು ಎಲ್ಲರಿಗೂ ಕೇಳಿಸುತ್ತಾ ನಡೆಯಬೇಕು. ಹುಡುಗಿಯ ಮಾತು ಎಲ್ಲಿ ತುಂಡಾಗುತ್ತದೋ ಅಲ್ಲಿ ಮಾರ್ಕು ಹೋಯಿತು.

ಮೊದಲ ಮಹಡಿ ದೊಡ್ಡ ಕಂಪನಿಯದು. ಅದರ ಪರವಾಗಿ ಬಂದಿದ್ದ ಟೈ ಸಾಹೇಬನ ಮಾತು ಬೆಣ್ಣೆ. ವಾರ್ಡಿನಲ್ಲಿ ಹುಡುಗಿಯ ದನಿ ಗಂಟೆ ಬಾರಿಸಿದ ಹಾಗೆ ಕೇಳಿತು, ಎಕ್ಸ್‌ರೇ ಕೋಣೆಯ ಬಾಗಿಲಲ್ಲೂ ಕೇಳಿತು. “ಮುಂದಿನದು ಮೆಟ್ಟಿಲು” ಎಂದ ಅಣ್ಣ. ಕಬ್ಬಿಣದ ಬಾಗಿಲು ತೆರೆದು ನರ್ಸಮ್ಮ ಮೆಟ್ಟಿಲ ಮೇಲೆ ಕಾಲಿಟ್ಟರು. ‘ಮನೆ ಬಾಡಿಗೆಗೆ ಇದೆ, ನೀರಿನ ಸೌಕ...’ ಅಲ್ಲಿಗೆ ಹುಡುಗಿ ಮೌನ. ಎರಡನೇ ಮಹಡಿ ಒಬ್ಬ ಮೇಡಂ ಬಂದಿದ್ದ ಕಂಪನಿಯದು, ಅಲ್ಲೂ ಅದೇ ಕಥೆ.

ಮೆಟ್ಟಿಲು ಅನ್ನುವ ಮಾತು ಕಿವಿಗೆ ಬಿದ್ದಾಗಲೇ ತಮ್ಮ ತಲೆಯೆತ್ತಿ ಅಣ್ಣನನ್ನು ನೋಡಿದ್ದ.

ಅಪ್ಪ ಹೋದದ್ದು ಬೇರೊಂದು ಆಸ್ಪತ್ರೆಯಲ್ಲಿ. ಅಣ್ಣ ಪರೀಕ್ಷೆ ಬರೆಯಲು ದೂರದ ಊರಲ್ಲಿದ್ದ. ವಾರ್ಡಿನಲ್ಲಿ ಫೋನಿನಲ್ಲಿ ಮಾತಾಡಬೇಡ ಎಂದು ಗದರಿಸಿ ಹೊರಗೆ ಅಟ್ಟಿದರು. ಶಾಲೆಯ ಸಮವಸ್ತ್ರದಲ್ಲೇ ಇದ್ದ ತಮ್ಮ ಮೆಟ್ಟಿಲ ಮೇಲೆ ನಿಂತು ಮತ್ತೆ ಮತ್ತೆ ಒತ್ತಿದ. ಒಂದು ಮೆಟ್ಟಿಲು ಇಳಿದು ನೋಡಿದ, ಎರಡು ಹತ್ತಿ ನೋಡಿದ, ಕಿಟಕಿಯ ಸರಳಿಗೆ ಕೈ ತೂರಿಸಿ ಫೋನನ್ನು ಆಕಾಶಕ್ಕೆ ಹಿಡಿದ. ಅಣ್ಣನಿಗೆ ತಲುಪಲಿಲ್ಲ. ಇತ್ತ ಅಪ್ಪ, ದೊಡ್ಡವನು ಬಂದನಾ, ದೊಡ್ಡವನು ಬಂದನಾ ಎಂದು ಕೇಳುತ್ತಲೇ ಕಣ್ಣು ಮುಚ್ಚಿದ. ಎಲ್ಲ ಮುಗಿದ ಮೇಲೆ ಬಂದ ಅಣ್ಣ ಕೇಳಿದ ಮೊದಲ ಮಾತು: “ಒಂದು ಫೋನ್ ಮಾಡೋಕೂ ಆಗಲಿಲ್ವೇನೋ ನಿನಗೆ?” “ಮಾಡಿದೆ ಅಣ್ಣಾ, ಮೆಟ್ಟಿಲಲ್ಲಿ ಸಿಗಲೇ ಇಲ್ಲ” ಎಂದಾಗ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಿದ್ದ. ಮುಂದೆ ಅಣ್ಣನ ಓದು ನಿಲ್ಲಬಾರದೆಂದು ತಮ್ಮ ಶಾಲೆ ಬಿಟ್ಟು ಕೇಬಲ್ಲಿನ ಕೆಲಸಕ್ಕೆ ಸೇರಿದ. ಆ ಮೆಟ್ಟಿಲ ಸುದ್ದಿಯನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿರಲಿಲ್ಲ.

ಅದಕ್ಕೇ ಅವನು ತನ್ನ ಪಾಲಿನ ತಟ್ಟೆಗಳಲ್ಲಿ ಒಂದನ್ನು ಮೆಟ್ಟಿಲ ಮೇಲೆ ಹಾಕಿದ್ದ. ಯಜಮಾನರು ಬೈದರೂ ಹಾಕಿದ್ದ. ಈಗ ನೋಡಿದರೆ ಅಣ್ಣನೂ ಮೆಟ್ಟಿಲನ್ನೇ ಆರಿಸಿದ್ದಾನೆ! ಹಾಗಾದರೆ ಮರೆತಿಲ್ಲ. ಆ ಸೂಟು ಬೂಟಿನ ಒಳಗೆ, ಅಂದು ತಬ್ಬಿಕೊಂಡು ಅತ್ತ ಅಣ್ಣ ಇನ್ನೂ ಇದ್ದಾನೆ. ಹಾಲಿನಲ್ಲಿ ಆದ ಅವಮಾನವೆಲ್ಲ ತಮ್ಮನಿಗೆ ಮಂಜಿನಂತೆ ಕರಗಿತು. ಕಣ್ಣು ತುಂಬಿ ಬಂದು ಮುಖ ತಿರುಗಿಸಿಕೊಂಡ.

ಮೂರನೇ ಮಹಡಿ. ಕಬ್ಬಿಣದ ಬಾಗಿಲು ತೆರೆಯಿತು. ನರ್ಸಮ್ಮ ಮೆಟ್ಟಿಲು ಹತ್ತಿದರು, ಇಳಿದರು, ಮೂಲೆಯಲ್ಲಿ ನಿಂತರು. ಹುಡುಗಿ ಸಿನಿಮಾ ನಟಿಯ ಮದುವೆಯ ಸುದ್ದಿಯನ್ನು ಒಂದಕ್ಷರ ಬಿಡದೆ ಓದುತ್ತಲೇ ಇದ್ದಳು.

“ಅಬ್ಬಾ! ಇದಪ್ಪಾ ಬೇಕಾಗಿದ್ದು,” ಎಂದರು ನರ್ಸಮ್ಮ. “ಪಾಪ, ರೋಗಿಗಳ ಕಡೆಯವರು ಬಂದು ಅಳೋದು, ಮಾತಾಡೋದು ಎಲ್ಲಾ ಇಲ್ಲೇ ಸಾರ್.”

ಟೈ ಸಾಹೇಬ ತಲೆಯೆತ್ತಿ ಚಾವಣಿಯ ತಟ್ಟೆಯನ್ನು ನೋಡಿದ. ಆಮೇಲೆ ಅಣ್ಣನನ್ನು ನೋಡಿ ಮೀಸೆಯಲ್ಲೇ ನಕ್ಕ. “ಇರೋದೇ ಎಣಿಸಿದಷ್ಟು ತಟ್ಟೆ. ಅದರಲ್ಲಿ ಒಂದನ್ನ ಮೆಟ್ಟಿಲಿಗೆ ಯಾರಾದ್ರೂ ಹಾಕ್ತಾರಾ ಸಾರ್? ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ್ರೆ ಪಾಸಾಗೋದು ಯಾವ ಮಹಾ ಕೆಲಸ. ನಾನು ಯಾರನ್ನೂ ಅಂತಿಲ್ಲಪ್ಪ.”

ಆಡಳಿತಾಧಿಕಾರಿಯ ಹುಬ್ಬು ಗಂಟಿಕ್ಕಿತು. ಅಣ್ಣನ ಕಡೆ ತಿರುಗಿದರು. “ಜಾಗ ಆರಿಸಿದ್ದು ನೀವೊಬ್ರೇ. ಈ ಹುಡುಗ ನಿಮಗೆ ಗೊತ್ತಾ?”

ತಮ್ಮ ಅಣ್ಣನ ಮುಖವನ್ನೇ ನೋಡಿದ. ಹೇಳು ಅಣ್ಣಾ. ಗೊತ್ತು ಅನ್ನು. ಅಪ್ಪನ ಸಂಗತಿ ಹೇಳು. ಇಬ್ಬರೂ ಸೇರಿ ಹೇಳೋಣ, ನಂಬದಿದ್ದರೆ ಬಿಡಲಿ.

“ಇಲ್ಲ ಸಾರ್,” ಎಂದ ಅಣ್ಣ. ದನಿ ಅಲುಗಲಿಲ್ಲ. “ಇವನ್ಯಾರೋ ನನಗೆ ಗೊತ್ತಿಲ್ಲ. ಇವತ್ತೇ ಮುಖ ನೋಡ್ತಿರೋದು.”

ಬೈದದ್ದನ್ನು ನುಂಗಬಹುದು. ಅಣ್ಣ ಅಲ್ಲವೇ, ಮನೆಯಲ್ಲೂ ಬೈಯುತ್ತಾನೆ. ಆದರೆ ಇದು ಬೈಗುಳವಲ್ಲ. ತಮ್ಮನಿಗೆ ತನ್ನನ್ನು ಯಾರೋ ಬೇರುಸಮೇತ ಕಿತ್ತು ಬೀದಿಗೆ ಎಸೆದ ಹಾಗಾಯಿತು. ಅದೂ ಎಲ್ಲಿ? ಅಂಥದೇ ಮೆಟ್ಟಿಲ ಮೇಲೆ.

“ಏನಯ್ಯಾ,” ಆಡಳಿತಾಧಿಕಾರಿ ಅವನನ್ನು ಹಿಡಿದರು. “ಮೆಟ್ಟಿಲಿಗೆ ಹಾಕು ಅಂತ ನಿನಗೆ ಯಾರು ಹೇಳಿಕೊಟ್ರು?”

ನಾಲಿಗೆಯ ತುದಿಯಲ್ಲೇ ಇತ್ತು. ಇವನು ನನ್ನ ಅಣ್ಣ, ಮೈಮೇಲಿರೋ ಅಂಗಿ ಅವನದೇ, ಬೇಕಾದರೆ ನಮ್ಮಮ್ಮನಿಗೆ ಫೋನ್ ಮಾಡಿ ಕೇಳಿ. ಅಷ್ಟಂದರೆ ಸಾಕು, ಅಣ್ಣನ ಕುರ್ಚಿ ಮಗುಚುತ್ತಿತ್ತು. ಅಣ್ಣನ ಕತ್ತಿನ ನರ ಪಟಪಟ ಹೊಡೆದುಕೊಳ್ಳುವುದು ತಮ್ಮನಿಗೆ ಕಂಡಿತು. ಅಂದು ಅಪ್ಪನ ಹೆಣದ ಪಕ್ಕ ನಿಂತಾಗಲೂ ಅದು ಹೀಗೇ ಹೊಡೆದುಕೊಂಡಿತ್ತು.

“ಯಾರೂ ಹೇಳಿಲ್ಲ ಸಾರ್,” ಎಂದ. “ಬೇರೆ ಕಡೆ ತಾರಸಿ ಗಟ್ಟಿ. ಇಲ್ಲಿ ಮೊಳೆ ಸಲೀಸಾಗಿ ಹೋಯ್ತು, ಹೊಡೆದುಬಿಟ್ಟೆ.”

ಟೈ ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡಿದ್ರಾ ಸಾರ್, ಇವರ ಪ್ಲಾನಿಂಗು! ಮೊಳೆ ಹೋದ ಕಡೆ ವೈಫೈ!” ಆಡಳಿತಾಧಿಕಾರಿಗೂ ನಗು ತಡೆಯಲಾಗಲಿಲ್ಲ. ಅನುಮಾನ ಕರಗಿತು, ಅದರೊಂದಿಗೆ ಅಂಗಡಿಯ ಮಾನವೂ ಕರಗಿತು. ಮೊಳೆ ನೋಡಿ ಕೆಲಸ ಮಾಡುವವರ ಕೈಗೆ ಆಸ್ಪತ್ರೆ ಕೊಡಲಾಗದೆಂದು ಅಲ್ಲೇ ತೀರ್ಮಾನವಾಯಿತು. ಕೆಲಸ ದೊಡ್ಡ ಕಂಪನಿಗೆ ಹೋಯಿತು. ಹಾಗೆಂದು ಎಲ್ಲರಿಗಿಂತ ಮೊದಲು ಶಿಫಾರಸು ಮಾಡಿದವನು ಅಣ್ಣನೇ.

ಸುದ್ದಿ ಕೇಳಿ ವ್ಯಾನು ತಂದ ಯಜಮಾನರು ಅವನನ್ನು ಮೂಲೆಗೆ ಕರೆದು ಉಗಿದರು. “ಬಾಯಲ್ಲಿ ಏನಿಟ್ಕೊಂಡಿದ್ದೆಯೋ? ಜನ ಇಲ್ಲಿ ನಿಂತು ಮಾತಾಡ್ತಾರೆ ಅಂದಿದ್ರೆ ನರ್ಸಮ್ಮ ಹೂಂ ಅಂತಿದ್ರು. ಮೊಳೆ ಅಂತೆ ಮೊಳೆ! ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ.”

ಹಾಕಿದ ತಟ್ಟೆಗಳನ್ನು ಅವತ್ತೇ ಬಿಚ್ಚಬೇಕಿತ್ತು. ವಾರ್ಡಿನದನ್ನೆಲ್ಲ ಬಿಚ್ಚಿ ಕೊನೆಗೆ ಮೆಟ್ಟಿಲಿಗೆ ಬಂದಾಗ, ಅಲ್ಲಿ ಒಬ್ಬ ಹೆಂಗಸು ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. “ಇವತ್ತು ಎರಡು ಚಮಚ ಕುಡಿದ್ರು ಕಣೇ... ನಿನ್ನ ಹೆಸರು ಹೇಳಿದೆ, ಕಣ್ಣು ಬಿಟ್ರು... ಕೇಳಿಸ್ತಿದೆಯಾ? ಹ್ಞಾಂ, ನಂಗೂ ಕೇಳಿಸ್ತಿದೆ, ಮಾತಾಡು.” ತಮ್ಮ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಹಿಡಿದು ಬಾಗಿಲ ಬಳಿ ನಿಂತ. ಕೆಳಗಿನಿಂದ ಯಜಮಾನರು ಕೂಗಿದರು, ಮತ್ತೆ ಕೂಗಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುವವರೆಗೂ ಅವನು ಕದಲಲಿಲ್ಲ. ಆಮೇಲೆ ಮೇಲೆ ಹತ್ತಿ ತಟ್ಟೆ ಬಿಚ್ಚಿದ. ಅದರ ಪುಟ್ಟ ದೀಪ ಆರಿದಾಗ ಅವನ ಗಂಟಲಿನಿಂದ ತನಗೇ ಗುರುತು ಸಿಗದ ಸದ್ದೊಂದು ಹೊರಟಿತು.

ಸಾಮಾನೆಲ್ಲ ವ್ಯಾನಿಗೆ ತುಂಬಿ ಯಜಮಾನರನ್ನು ಕಳಿಸಿದ ಮೇಲೆ ಅವನು ಹಿಂಬದಿಯ ಗೇಟಿನತ್ತ ನಡೆದ. ಗಾಡಿ ನಿಲ್ಲಿಸುವ ಶೆಡ್ಡಿನ ಮರೆಯಲ್ಲಿ ಅಣ್ಣ ಕಾಯುತ್ತಿದ್ದ.

“ಲೋ... ನಿಲ್ಲೋ. ಬರಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ? ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ ಹೇಳು.” ಭುಜದ ಮೇಲೆ ಕೈ ಹಾಕಿದ. “ನೀನು ನನ್ನ ತಮ್ಮ ಕಣೋ. ನನಗೆ ಸಂಕಟ ಆಗಲ್ವಾ? ನಾನು...”

ಕಟ್ಟಡದ ಬಾಗಿಲು ತೆರೆದ ಸದ್ದಾಯಿತು. ಆಡಳಿತಾಧಿಕಾರಿ ಕಾರಿನ ಕಡೆ ಬರುತ್ತಿದ್ದರು. ಅಣ್ಣನ ಕೈ ತಟ್ಟನೆ ಭುಜದಿಂದ ಜಾರಿತು. ಎರಡು ಹೆಜ್ಜೆ ದೂರ ಸರಿದು, ಫೋನ್ ತೆಗೆದು, ಯಾರದೋ ಸಂದೇಶ ಓದುವವನಂತೆ ತಲೆ ತಗ್ಗಿಸಿದ. ಕಾರು ಹೊರಟು ಗೇಟು ದಾಟುವವರೆಗೂ ಹಾಗೇ ನಿಂತಿದ್ದ. ಆಮೇಲೆ ಅತ್ತಿತ್ತ ನೋಡಿ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ.

“ಅಮ್ಮಂಗೆ ಇದೆಲ್ಲ ಹೇಳ್ಬೇಡ ಕಣೋ, ನೊಂದ್ಕೋತಾಳೆ. ನನಗೆ ಇನ್ನೊಂದರ್ಧ ಗಂಟೆ ಕೆಲಸ ಇದೆ. ಆ ಮುಂದಿನ ತಿರುವಿನ ಹತ್ತಿರ ನಿಂತಿರು, ಗಾಡೀಲಿ ಕರ್ಕೊಂಡು ಹೋಗ್ತೀನಿ. ಇಲ್ಲಿ ಬೇಡ, ಆ ತಿರುವಿನ ಹತ್ತಿರ. ನಿಂತಿರ್ತೀಯ ತಾನೆ? ಏನಾದ್ರೂ ಹೇಳೋ... ಬರ್ತೀಯ ತಾನೆ?”

ತಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿದ. ಬೆಳಿಗ್ಗೆ ಬಚ್ಚಲ ಬಾಗಿಲು ಬಡಿದು, ಬೇಗ ಬಾರೋ ದರಿದ್ರ ಎಂದು ಕೂಗಿದ್ದ ಮುಖ ಅದು. ಎಷ್ಟು ಹುಡುಕಿದರೂ ಅದರಲ್ಲಿ ಅಣ್ಣನ ಗುರುತು ಸಿಗಲಿಲ್ಲ. ಅವನು ತಿರುಗಿ ಗೇಟು ದಾಟಿದ. ಅಣ್ಣ ಹೇಳಿದ ತಿರುವು ಎಡಕ್ಕಿತ್ತು. ತಮ್ಮ ಬಲಕ್ಕೆ ಹೊರಳಿ, ಸಂಜೆಯ ಜನಜಂಗುಳಿಯಲ್ಲಿ ನಡೆದುಹೋದ.