ಮೀನಿನ ಕಣ್ಣಿಗೆ ಇಟ್ಟ ಆಣೆ

ಮಾಣಿಕಪ್ಪನ ಸಿಟ್ಟು ಅಂದರೆ ಇಡೀ ಉದಗೀರ ಬಜಾರಕ್ಕೆ ಗೊತ್ತು. ಬಂತೆಂದರೆ ಹಿಂದಿಲ್ಲ ಮುಂದಿಲ್ಲ, ಕೈಗೆ ಸಿಕ್ಕದ್ದೇ ಆಯುಧ. ಅಂದು ಮುಂಜಾನೆ ಕೈಗೆ ಸಿಕ್ಕದ್ದು ಕಾಳು ತೂಗುವ ಕಬ್ಬಿಣದ ಕಲ್ಲು, ಕಣ್ಣಿಗೆ ಬಿದ್ದವನು ಅವನ ಅಂಗಡಿಯ ಮೂಟೆ ಹೊರುವ ಹಮಾಲ ಖಂಡೆಪ್ಪ. ಕಲ್ಲು ಖಂಡೆಪ್ಪನ ಭುಜಕ್ಕೆ ಬಡಿದು ಪಡಸಾಲೆಯ ಫರಸಿಯ ಮೇಲೆ ಬಿದ್ದಿತು. ಫರಸಿ ಸೀಳಿತು.

“ಮೀನಿನ ಕಣ್ಣಿಗಿ ಏನ್ ಮಾಡಿದಿ ಹೇಳ್, ಹರಾಮಖೋರ!”

“ನಾ ಏನೂ ಮಾಡಿಲ್ರೀ ಸಾವಕಾರ್ರ. ಪಂಪ್ ಹೊಡೀತೀನಿ, ಸ್ಟೇಷನ್‌ದಿಂದ ನೀರು ತರ್ತೀನಿ. ಬ್ಯಾರೆ ಏನೂ ಮುಟ್ಟಂಗಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಂಭಾಬಾಯಿ ಮಗನನ್ನೂ ನೋಡಿದಳು, ಭುಜ ಹಿಡಿದು ಕುಂತ ಖಂಡೆಪ್ಪನನ್ನೂ ನೋಡಿದಳು. ಮಗನನ್ನು ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಗಂಡನ ಕೈಯಿಂದ ತಿಂದ ಏಟುಗಳನ್ನು ಆಕೆ ಮರೆತಿರಲಿಲ್ಲ, ಮಗ ಥೇಟ್ ಅಪ್ಪನಂತೆ ಹುಟ್ಟಿದ್ದ.

ಈ ಮೀನಿನ ಪೀಡೆ ಮನೆಗೆ ಬಂದದ್ದೇ ಒಂದು ತಮಾಷೆ. ಹೈದರಾಬಾದ್ ಸಂಸ್ಥಾನ ಒಡೆದು ಉದಗೀರವನ್ನು ಮುಂಬಯಿ ರಾಜ್ಯಕ್ಕೆ ಸೇರಿಸಿದ ಮರುವರ್ಷ ಮಾಣಿಕಪ್ಪ ತೊಗರಿ ಮಾರಲು ಮುಂಬಯಿಗೆ ಹೋದ. ಅಲ್ಲಿ ಗಾಜಿನ ಗೋಡೆಯ ಹಿಂದೆ ಸಮುದ್ರದ ಮೀನು ಈಜುವುದನ್ನು ನೋಡಿ ಹುಚ್ಚಾದ. “ನಾವೀಗ ಮುಂಬಯಿದವರು, ಸಮುದ್ರಾನೂ ನಮ್ದೇ,” ಎಂದು ಗಾಜಿನ ತೊಟ್ಟಿ ತಂದ, ಹಳದಿ ಮೈಗೆ ಕಪ್ಪು ಪಟ್ಟೆಯ ಎರಡು ಮೀನು ತಂದ. ಬುಟ್ಟಿಯಲ್ಲಿ ಕೂರಿಸಿದ ದೊಡ್ಡ ಗಾಜಿನ ಬುದ್ದಲಿಗಳಲ್ಲಿ ಸಮುದ್ರದ ನೀರು ರೈಲಿನಲ್ಲಿ ಬರತೊಡಗಿತು. ಸ್ಟೇಷನ್ನಿನಿಂದ ಅದನ್ನು ಹೊತ್ತು ತರುವವನು ಖಂಡೆಪ್ಪ, ಸೈಕಲ್ ಪಂಪಿನಿಂದ ರಬ್ಬರ್ ನಳಿಗೆಯಲ್ಲಿ ನೀರಿಗೆ ಗಾಳಿ ಊದುವವನೂ ಅವನೇ. ಕಾಳಿನ ದಲಾಲಿ ಮಾಡುವ ಅಡತಿ ಅಂಗಡಿಯ ಸಾಹುಕಾರರೆಲ್ಲ ಬಂದು ಬಾಯಿ ತೆರೆದು ನೋಡಿ ಹೋದರು. ಮಾಣಿಕಪ್ಪನ ಎದೆ ಉಬ್ಬಿತು.

ಉಬ್ಬದೇ ಇದ್ದದ್ದು ತಾಯಿಯ ಎದೆ. ಲಿಂಗ ಕಟ್ಟಿದ ಮನೆಯೊಳಗೆ ಮೀನು! ಪ್ರತಿ ಸೋಮವಾರ ಪಾದಪೂಜೆಗೆ ಬರುತ್ತಿದ್ದ ಜಂಗಮ ರಾಚಯ್ಯನವರು ಹೊಸ್ತಿಲ ಹೊರಗೇ ನಿಂತು ಮೂಗು ಮುಚ್ಚಿದರು. “ತಂಗಿ, ಅದು ಇರೋತನಕ ನಾ ಒಳಗ ಬರಾಂಗಿಲ್ಲ,” ಅಂದವರು ತಿರುಗಿ ನೋಡಲಿಲ್ಲ. ರಂಭಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಮಗನಿಗೆ ಹೇಳಿದರೆ ಮಗ ಕೇಳುವವನಲ್ಲ. ಆಕೆ ತಾನೇ ಒಂದು ದಾರಿ ಹುಡುಕಿಕೊಂಡಳು. ಮೀನು ಹೊರಗೆ ಹೋಗದಿದ್ದರೇನು, ಮೀನನ್ನೇ ಪಾವನ ಮಾಡಿದರಾಯಿತು! ದಿನಾ ಮುಂಜಾನೆ ತನ್ನ ಇಷ್ಟಲಿಂಗದ ಪೂಜೆ ಮುಗಿಸಿ, ಅಭಿಷೇಕದ ತೀರ್ಥವನ್ನು ತಾಮ್ರದ ತಂಬಿಗೆಯಲ್ಲಿ ತುಂಬಿಕೊಂಡು ಬಂದು, ತೊಟ್ಟಿಯಿಂದ ಒಂದು ತಂಬಿಗೆ ನೀರು ತೆಗೆದು, ಅಷ್ಟೇ ತೀರ್ಥ ಸುರಿಯುತ್ತಿದ್ದಳು. ಮೇಲೊಂದು ಚಿಟಿಕೆ ವಿಭೂತಿ. ತೆಗೆದ ನೀರನ್ನು ಹಿತ್ತಲ ಬಿಲ್ವದ ಬುಡಕ್ಕೆ ಹಾಕುತ್ತಿದ್ದಳು. ಮೀನಿನ ಕಣ್ಣಿಗೆ ಮಂಜು ಕವಿಯತೊಡಗಿದಾಗ ಪಾಪ, ಮುದುಕಿ ಹೆದರಿ ಎರಡೆರಡು ತಂಬಿಗೆ ಹಾಕಿದಳು. ತೀರ್ಥಕ್ಕಿಂತ ದೊಡ್ಡ ಔಷಧ ಯಾವುದಿದೆ?

ನಿಲಂಗಾದಿಂದ ದನದ ಡಾಕ್ಟರ್ ದಿಗಂಬರ, ಮಾಣಿಕಪ್ಪ ಹೇಳಿಕಳಿಸಿದ್ದರಿಂದ, ಖಂಡೆಪ್ಪನಿಗೆ ಕಲ್ಲೇಟು ಬಿದ್ದ ದಿನವೇ ಮಧ್ಯಾಹ್ನದ ಬಸ್ಸಿಗೆ ಬಂದ. ಮುಂಬಯಿಯಲ್ಲಿ ಓದಿದವನು, ಓದುವಾಗ ಸಮುದ್ರ ಮೀನು ಸಾಕುವವರ ಕೈಕೆಳಗೆ ಕೆಲಸ ಮಾಡಿದ್ದವನು. ತೊಟ್ಟಿಯ ಮಗ್ಗುಲಿಂದ ಟಾರ್ಚ್ ಹಿಡಿದ.

“ಒಂದೇ ಮೀನಿನ ಒಂದೇ ಕಣ್ಣು ಕೆಟ್ಟಿದ್ರ ಏಟು ಬಿದ್ದದ, ಇಲ್ಲಾ ಕಲ್ಲಿಗಿ ತಿಕ್ಕ್ಯದ ಅಂತಿದ್ದೆ. ಇಲ್ಲಿ ಎರಡೂ ಮೀನಿನ ಎರಡೂ ಕಣ್ಣು ಬೆಳ್ಳಗಾಗ್ಯಾವ. ಕಣ್ಣು ಹೊರಗ ಉಬ್ಬಿಲ್ಲ. ಮಸುಕು ಮ್ಯಾಲಿನ ಪೊರಿಮ್ಯಾಲೇ ಅದ, ಒಳಗಿನ ಗುಡ್ಡಿ ಚೊಕ್ಕ ಅದ.”

“ಹುಳ ಏನಾರ?” ಮಾಣಿಕಪ್ಪ ಕೇಳಿದ.

“ಅದನ್ನೂ ನೋಡೂಣು. ಕಣ್ಣಿಗಿ ಹತ್ತೂ ಹುಳ ಒಂದಿರ್ತದ, ಗಾಜಿನಂಗ, ಕಾಣಂಗಿಲ್ಲ. ಸಿಹಿನೀರಾಗ ಸ್ವಲ್ಪ ಹೊತ್ತು ಮೀನು ಬಿಟ್ರ ಅದು ಬೆಳ್ಳಗಾಗಿ ಎಳ್ಳಿನಂಗ ಉದುರ್ತದ.”

ಬೋಗುಣಿಯಲ್ಲಿ ಮೀನು ಬಿಟ್ಟು ಎಲ್ಲರೂ ಬಗ್ಗಿ ನೋಡಿದರು. ಏನೂ ಉದುರಲಿಲ್ಲ. ದಿಗಂಬರ ಮೀನನ್ನು ಹುಷಾರಾಗಿ ತೊಟ್ಟಿಗೆ ಮರಳಿಸಿ, ಚೀಲದಿಂದ ಹಾಲು ಪರೀಕ್ಷೆ ಮಾಡುವ ಗಾಜಿನ ನಳಿ ತೆಗೆದ. ಅದನ್ನು ಮೊದಲು ಮುಚ್ಚಳ ತೆಗೆಯದ ಬುದ್ದಲಿಯ ನೀರಿನಲ್ಲಿ ತೇಲಿಬಿಟ್ಟ. ನಳಿ ಎತ್ತರಕ್ಕೆ ನಿಂತಿತು. ಆಮೇಲೆ ತೊಟ್ಟಿಯಲ್ಲಿ ಬಿಟ್ಟ. ನಳಿ ಕುತ್ತಿಗೆಯವರೆಗೆ ಮುಳುಗಿತು.

“ನೋಡ್ರಿ. ಗೌಳಿ ಹಾಲಿಗಿ ನೀರು ಬೆರೆಸಿದಂಗ ಯಾರೋ ಇದಕ್ಕ ಸಿಹಿನೀರು ಬೆರೆಸ್ಯಾರ. ಬೂದಿನೂ ತಳಕ್ಕ ಕುಂತದ. ಕಣ್ಣಿಗಿ ಇದೇ ಬ್ಯಾನಿ. ಆದ್ರ ಹೆದರಬ್ಯಾಡ್ರಿ, ಕಣ್ಣು ಹೋಗಿಲ್ಲ. ಖರೇ ಸಮುದ್ರದ ನೀರು ಸ್ವಲ್ಪ ಸ್ವಲ್ಪೇ ಸೇರಿಸ್ಕೋತ ಹೋಗೂಣು, ಒಮ್ಮೆಲೇ ಹಾಕಿದ್ರ ಸಾಯ್ತಾವ. ತೊಟ್ಟಿ ಮ್ಯಾಲೆ ಅರಿವಿ ಮುಚ್ಚ್ರಿ, ಬೆಳಕು ಬೀಳಬಾರ್ದು. ಹದಿನೈದು ದಿನದಾಗ ಪೊರಿ ತಿಳಿ ಆಗ್ತದ.”

ಕಣ್ಣು ವಾಸಿಯಾಗುತ್ತದೆ ಎಂದ ಮಾತು ಮಾಣಿಕಪ್ಪನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಬೆರೆಸ್ಯಾರ ಎನ್ನುವುದೊಂದೇ. ಜಗಲಿಯ ಮೇಲೆ ಬಜಾರದ ಹತ್ತಾರು ಜನ ಕುಂತಿದ್ದರು. ಅವರೆದುರು ತನ್ನನ್ನು ಯಾರೋ ಬೆಪ್ಪನನ್ನಾಗಿ ಮಾಡಿದ್ದಾರೆ! ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಗುಡುಗಿದ:

“ಲಿಂಗದಾಣಿ! ಈ ನೀರು ಬೆರೆಸಿದವರ ಕಣ್ಣು ಇವತ್ತೇ ಕೀಳ್ತೀನಿ. ಕೀಳಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿಲ್ಲ!”

ಬೇರೆ ಆಣೆಯಾದರೆ ನಾಲ್ಕು ಜನ ಹಿರಿಯರು ಕೂಡಿ ಬಿಡಿಸಬಹುದು, ಲಿಂಗ ಹಿಡಿದು ಇಟ್ಟ ಆಣೆಯನ್ನು ಬಿಡಿಸುವವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ.

“ಬುದ್ದಲಿ ಹೊರಾದು ಬ್ಯಾಸರಾಗಿ ಬಾವಿ ನೀರು ಹಾಕಿದಿ, ಅಲ್ಲೇನ?” ಎನ್ನುತ್ತ ಮಾಣಿಕಪ್ಪ ಖಂಡೆಪ್ಪನ ಕೊರಳಪಟ್ಟಿ ಹಿಡಿದ. ಚೀಲ ಕಟ್ಟುವ ಹಗ್ಗದಿಂದ ಅವನನ್ನು ಕಂಬಕ್ಕೆ ಬಿಗಿದ. ಬಾರಕೋಲು ಬೀಸತೊಡಗಿದ. ಮೊದಲ ಏಟಿಗೆ ಅಂಗಿ ಹರಿಯಿತು, ಆಮೇಲೆ ಚರ್ಮ ಹರಿಯಿತು, ಬೆನ್ನಿನ ರಕ್ತ ಧೋತರಕ್ಕೆ ಇಳಿಯಿತು. ಬಿಡಿಸಲು ಹೋದ ದಿಗಂಬರನನ್ನು ಎದೆಗೆ ಕೈಯಿಟ್ಟು ನೂಕಿದ ಏಟಿಗೆ ಅವನು ಗೋಡೆಗೆ ಬಡಿದು ಬಿದ್ದ, ಹಾಲಿನ ನಳಿ ಚೂರಾಯಿತು. ಜಗಲಿಯವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಥೂ, ಎಂಥ ಜನ!

ಡಾಕ್ಟರನ ಮಾತು ರಂಭಾಬಾಯಿಯ ಕಿವಿಯಲ್ಲೇ ಇತ್ತು. ಸಿಹಿನೀರು, ಬೂದಿ. ಹಿತ್ತಲ ಬಿಲ್ವ ಬೇಸಿಗೆ ಬರುವ ಮೊದಲೇ ಒಣಗಿ ನಿಂತದ್ದು ಯಾಕೆಂದು ಈಗ ಹೊಳೆಯಿತು. ತೊಟ್ಟಿಯ ಉಪ್ಪನ್ನೆಲ್ಲ ತಂಬಿಗೆ ತಂಬಿಗೆ ತೆಗೆದು ಆಕೆಯೇ ಅದರ ಬುಡಕ್ಕೆ ಹಾಕಿದ್ದಳು. ತೀರ್ಥ ಕುಡಿದು ಕುರುಡಾಗುವುದುಂಟೇ ಶಿವನೇ, ಎಂದು ಒಳಗೊಳಗೇ ಕೂಗಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತನ್ನ ತಪ್ಪಿಗೆ ಕಣ್ಣ ಮುಂದೆ ಖಂಡೆಪ್ಪನ ಬೆನ್ನು ಸುಲಿಯುತ್ತಿದೆ. ಅದು ಯಾವ ಬೆನ್ನು? ರಜಾಕಾರರ ಕಾಲದಲ್ಲಿ ಓಣಿಗೆ ಬೆಂಕಿ ಬಿದ್ದಾಗ, ಮಗ ಸೊಲ್ಲಾಪುರದಲ್ಲಿದ್ದಾಗ, ಆಕೆಯನ್ನು ತೊಗರಿ ಚೀಲದಂತೆ ಹೊತ್ತು ಊರು ದಾಟಿಸಿ, ಗಾಡಿ ಕಟ್ಟಿ ಗುಂಜೋಟಿಯ ತವರುಮನೆ ಮುಟ್ಟಿಸಿದ ಬೆನ್ನು. ಬಾಯಿ ತೆರೆದರೆ ತನ್ನ ಕಣ್ಣು, ತೆರೆಯದಿದ್ದರೆ ಅವನ ಕಣ್ಣು.

“ನಿಮ್ಮವ್ವಗ ಕೇಳ್ರೀ!” ದಿನಾ ಕಂಡೂ ಇಷ್ಟು ಹೊತ್ತು ಬಾಯಿ ಬಿಡದಿದ್ದ ಖಂಡೆಪ್ಪ ನೋವು ತಾಳದೆ ಚೀರಿದ. “ದಿನಾ ಮುಂಜಾನಿ ಯಾರು ತಂಬಿಗಿ ಸುರೀತಾರ, ಅವ್ವಗ ಕೇಳ್ರೀ!”

ಬಾರಕೋಲು ನಿಂತಿತು. ಮಾಣಿಕಪ್ಪನ ಮುಖ ಕೆಂಡವಾಯಿತು. “ನಮ್ಮವ್ವನ ಹೆಸರು ತಗೋತಿ?” ಎಂದು ಮುಷ್ಟಿಯಿಂದ ಬಾಯಿಗೆ ಗುದ್ದಿದ. ಖಂಡೆಪ್ಪ ರಕ್ತದ ಜೊತೆ ಹಲ್ಲೊಂದನ್ನು ಉಗುಳಿದ.

“ಖರೇ ಅದ ಮಾಣಿಕಾ!” ರಂಭಾಬಾಯಿ ಪಡಸಾಲೆಯ ನಡುವೆ ಬಂದು ನಿಂತಳು. “ನಾನೇ ಹಾಕೀನಿ. ಲಿಂಗದ ತೀರ್ಥ, ವಿಭೂತಿ, ಎಲ್ಲಾ ನಾನೇ. ಅವಂದೇನೂ ತಪ್ಪಿಲ್ಲೋ!”

“ಸುಳ್ಳು.”

“ಯಾಕ ಸುಳ್ಳು ಹೇಳ್ಲಿ?”

“ರಜಾಕಾರರಿಂದ ಅಂವಾ ನಿನ್ನ ಉಳಿಸ್ಯಾನಲ್ಲ, ಅದಕ್ಕ. ಒಳಗ ನಡಿ ಅವ್ವಾ.”

“ಲಿಂಗ ಮುಟ್ಟಿ ಹೇಳ್ತೀನಿ ತಡಿ,” ಎಂದು ರಂಭಾಬಾಯಿ ಕೊರಳಿನ ಶಿವದಾರಕ್ಕೆ ಕೈ ಹಾಕಿದಳು.

ಮಾಣಿಕಪ್ಪ ಆ ಕೈಯನ್ನೇ ಹಿಡಿದು ತಿರುಚಿದ. ಹಸಿರು ಬಳೆಗಳಿಲ್ಲದ ಮುದಿಕೈ, ಎಲುಬು ಕಟಕ್ಕೆಂದಿತು. ಆಕೆ ನೋವಿಗೆ ಕುಕ್ಕರಿಸಿದಳು, ಕುಕ್ಕರಿಸಿದಲ್ಲಿಂದಲೇ ಮಗನ ಕಣ್ಣನ್ನು ನೋಡಿದಳು. ನೋಡಿ ಎದೆ ಒಡೆಯಿತು. ಮಗ ಸುಳ್ಳೆಂದು ತಿಳಿದು ಕೈ ಹಿಡಿದಿರಲಿಲ್ಲ. ಖರೆ ಎಂದು ತಿಳಿದೇ ಹಿಡಿದಿದ್ದ. ತಾಯಿಯ ಕಣ್ಣು ಕೀಳಲಾರ, ಆಣೆ ಮುರಿಯಲಾರ. ಹಾಗಾಗಿ ನೀರು ಬೆರೆಸಿದವನು ಖಂಡೆಪ್ಪನೇ ಆಗಬೇಕಿತ್ತು.

ಬಡವ ಇರುವುದೇ ಇದಕ್ಕಲ್ಲವೇ! ಸಾಹುಕಾರನ ದೇವರು ಸಿಟ್ಟಾದಾಗ ಕಣ್ಣು ಕೊಡಲಿಕ್ಕೆ.

ಮಾಣಿಕಪ್ಪ ತಾಯಿಯ ಕೈ ಬಿಟ್ಟು ಖಂಡೆಪ್ಪನ ಸೊಂಟದಿಂದ ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಕಿತ್ತುಕೊಂಡ. ಎಡಗೈಯಿಂದ ಅವನ ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಒತ್ತಿದ. “ಬ್ಯಾಡ್ರೀ ಸಾವಕಾರ್ರ, ನನ್ನ ಹೆಂಡ್ರು ಮಕ್ಕಳು ಹಾಳಾಗ್ತಾರ್ರೀ,” ಎಂದು ಖಂಡೆಪ್ಪ ಕಣ್ಣು ಬಿಗಿಯಾಗಿ ಮುಚ್ಚಿದ. “ಮಾಣಿಕಪ್ಪ, ಮೀನು ವಾಸಿ ಆಗ್ತಾವ್ರೀ, ಕಣ್ಣು ಹೋಗಿಲ್ರೀ!” ಎಂದು ದಿಗಂಬರ ಗೋಡೆ ಹಿಡಿದು ಏಳುತ್ತ ಒದರಿದ. ಕೊಕ್ಕೆ ಮೇಲೆ ಹೋಯಿತು.

ರಂಭಾಬಾಯಿ ಯೋಚಿಸಲಿಲ್ಲ. ಎದ್ದಳು, ಮಗನ ಕಂಕುಳ ಕೆಳಗಿನಿಂದ ನುಗ್ಗಿದಳು, ಖಂಡೆಪ್ಪನ ಮುಖಕ್ಕೆ ತನ್ನ ಮುಖ ಅಡ್ಡ ಕೊಟ್ಟಳು. ಬೀಸಿದ ಕೈಯನ್ನು ತಡೆಯುವ ಹೊತ್ತು ಮಾಣಿಕಪ್ಪನಿಗೆ ಸಿಗಲಿಲ್ಲ.

ಕೊಕ್ಕೆ ಆಕೆಯ ಬಲಗಣ್ಣಿಗೆ ಇಳಿಯಿತು.

ಚೀರಿದವನು ಮಾಣಿಕಪ್ಪ. ಕೊಕ್ಕೆ ಬಿಸಾಡಿ, ಎಮ್ಮೆಗರುವಿನಂತೆ ಒದರುತ್ತ ನೆಲಕ್ಕೆ ಕುಸಿದ. “ಅವ್ವಾ! ಯವ್ವಾ! ಏನ್ ಮಾಡಿದಿ ಅವ್ವಾ!” ದಿಗಂಬರ ಓಡಿ ಬಂದು ಆಕೆಯ ಸೆರಗನ್ನೇ ಮುದ್ದೆ ಮಾಡಿ ಕಣ್ಣಿಗೆ ಒತ್ತಿದ. ಬಿಳಿ ಸೀರೆ ಕೆಂಪಾಗುತ್ತ ಹೋಯಿತು. ಮೇಲಿನ ಪೊರೆ, ಒಳಗಿನ ಗುಡ್ಡಿ ಯಾವುದೂ ಉಳಿದಿಲ್ಲವೆಂದು ಅವನ ಬೆರಳಿಗೆ ಗೊತ್ತಾಯಿತು.

ರಂಭಾಬಾಯಿ ಕಂಬಕ್ಕೆ ಒರಗಿ ನಿಂತೇ ಇದ್ದಳು. ಬೆನ್ನಿಗೆ ಖಂಡೆಪ್ಪನ ಏದುಸಿರು ತಾಗುತ್ತಿತ್ತು, ಅವನು ಅಳುತ್ತಿದ್ದ. ಆಕೆ ಉಳಿದ ಕಣ್ಣಿನಿಂದ ಕಾಲ ಬಳಿ ಬಿದ್ದಿದ್ದ ಮಗನನ್ನು ನೋಡಿದಳು. ಹೆತ್ತ ಹೊಟ್ಟೆ ಇನ್ನೂ ಮರುಗುತ್ತಿತ್ತು, ಅದಕ್ಕೇ ತನ್ನ ಮೇಲೆ ತನಗೇ ಸಿಟ್ಟು ಬಂತು.

“ಅಳಬ್ಯಾಡ,” ಅಂದಳು. “ನೀರು ಬೆರೆಸಿದವರ ಕಣ್ಣೇ ಕಿತ್ತೀದಿ. ಆಣಿ ತೀರ್ತು. ಏಳು, ಅಂವನ ಹಗ್ಗ ಬಿಚ್ಚು.”

ಮಾಣಿಕಪ್ಪ ಎದ್ದ. ಗಂಟು ರಕ್ತಕ್ಕೆ ನೆಂದು ಬಿಗಿದಿತ್ತು, ಬೆರಳಿಗೆ ಬಿಚ್ಚಿಬರಲಿಲ್ಲ. ಕಡೆಗೆ ಹಮಾಲನ ಕಾಲ ಬಳಿ ಮಂಡಿಯೂರಿ, ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದ.