ಹಳದಿ ಎಷ್ಟಿದೆ?

ಕಾಪಿಯರ್‌ನಿಂದ ಮೂರನೆಯ ಹಾಳೆಯೂ ಬೆಚ್ಚಗೆ ಹೊರಬಿತ್ತು. ಅದರಲ್ಲೂ ಅಪ್ಪನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಇನ್ನೊಂದ್ಸಲ ಒತ್ತಿ ನೋಡೋಣ್ವಾ?" ಎಂದರು ಹೆಡ್ ಕ್ಲರ್ಕ್. ಭಾನುವಾರವಾದರೂ ಬಂದು ಆಫೀಸಿನ ಬೀಗ ತೆಗೆದುಕೊಟ್ಟವರು ಅವರೇ.

"ಎಷ್ಟು ಸಲ ಒತ್ತಿದ್ರೂ ಅಷ್ಟೇ ಸರ್," ಎಂದಳು ಮಗಳು. ಕಾಪಿಯರ್‌ನ ಗಾಜಿನ ಮೇಲಿಟ್ಟಿದ್ದ ಅಂಗೈಯಗಲದ ಫೋಟೋದಲ್ಲಿ ಅಪ್ಪ ಸರಿಯಾಗಿಯೇ ಇದ್ದರು. ಗೋಧಿ ಬಣ್ಣ, ಬಿಸಿಲಿಗೆ ಒಂಚೂರು ಕೆಂಪೇರಿದ ಮೂಗು. ದೊಡ್ಡದಾಗಿ ಹೊರಬರುತ್ತಿದ್ದವರು ಮಾತ್ರ ಬೇರೆ ಯಾರೋ.

ಗಂಟೆ ಎರಡಾಗಿತ್ತು. ರಸ್ತೆಯ ಆಚೆ ಬದಿಯ ಮನೆಯಲ್ಲಿ ಅಪ್ಪನ ದೇಹವಿತ್ತು; ನಾಲ್ಕಕ್ಕೆ ವ್ಯಾನು ಬರುವುದಿತ್ತು. ಲಿವರ್ ಕೆಟ್ಟು ಮೂರು ತಿಂಗಳಿಂದ ಅವರ ಮೈಯೆಲ್ಲ ಹಳದಿಯಾಗಿತ್ತು, ಕಣ್ಣಿನ ಬಿಳಿಯನ್ನೂ ಬಿಡದೆ. ಬೆಳಗ್ಗೆಯಿಂದ ಅಮ್ಮ ಕೇಳಿದ್ದು ಒಂದೇ: "ಬಂದೋರು ಆ ಬಣ್ಣಾನೇ ನೋಡ್ಕೊಂಡು ಹೋಗೋದು ಬೇಡ. ತಲೆ ಹತ್ರ ಒಂದು ದೊಡ್ಡ ಫೋಟೋ ಇಡು. ಅವರು ಇದ್ದ ಹಾಗೆ." ಸ್ಟುಡಿಯೋಗಳೆಲ್ಲ ಬಾಗಿಲು ಹಾಕಿದ್ದವು.

"ನಿಮ್ಮಪ್ಪ ಇದ್ದಿದ್ರೆ ಅರ್ಧ ಗಂಟೆ ಕೆಲಸ," ಎಂದರು ಹೆಡ್ ಕ್ಲರ್ಕ್. ಅಪ್ಪ ಇಪ್ಪತ್ತೇಳು ವರ್ಷ ಕಾಪಿಯರ್ ರಿಪೇರಿ ಮಾಡಿದವರು. ಈ ಆಫೀಸಿನ ಯಂತ್ರಗಳೆಲ್ಲ ಅವರ ಕೈಯಲ್ಲೇ ನಡೆದಿದ್ದವು. "ಅವರದ್ದು ಕಣ್ಣಲ್ಲಮ್ಮ, ತಕ್ಕಡಿ. ಈಗಿನ ಸರ್ವಿಸ್‌ನೋರು ನಾಳೆ ಬರ್ತೀವಿ ಅಂತಿದ್ದಾರೆ."

ಮಗಳು ಹಾಳೆ ಹಿಡಿದು ಮನೆಗೆ ಬಂದಳು. ಅಪ್ಪನ ತಂಗಿ ಅದನ್ನು ನೋಡಿದ್ದೇ, "ಅಯ್ಯೋ, ಕಪ್ಪು ಬಿಳುಪಲ್ಲೇ ತೆಗ್ಸಿಬಿಡೇ, ಏನಾಗತ್ತೆ?" ಎಂದಳು.

ಅಮ್ಮ ಅದನ್ನು ಕೈಗೆ ತೆಗೆದುಕೊಂಡರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಓರೆ ಮಾಡಿದರು, ನೇರ ಮಾಡಿದರು.

"ಹಳದಿ ಬರ್ತಿಲ್ಲ," ಎಂದು ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗೆ ಅತ್ತಿಗೆ? ಜನ ಬರೋ ಹೊತ್ತು!"

"ನೀನು ಅಣ್ಣನ ಹತ್ರ ಕೂತಿರು. ಈಗ ಬಂದೆ."

*

ಹದಿನೈದು ವರ್ಷದ ಹಿಂದೆ ಒಂದು ಸಂಜೆ ಅಪ್ಪ ಬ್ಯಾಗಿನಿಂದ ಎರಡು ಹಾಳೆ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದರು.

"ಇವೆರಡರಲ್ಲಿ ಏನಾದ್ರೂ ವ್ಯತ್ಯಾಸ ಇದೆಯಾ?"

ಹೆಂಡತಿ ನಕ್ಕಿದ್ದಳು. "ಏನ್ರೀ ಇದು? ಒಂದು ನೀಲಿ, ಇನ್ನೊಂದು ಹೆಚ್ಚುಕಮ್ಮಿ ಹಸಿರು."

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ನಂಗೆರಡೂ ಒಂದೇ ಥರ ಕಾಣ್ತಿದೆ ಕಣೇ."

ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಇನ್ನಷ್ಟು ಬಲಿಯಲಿ, ಆಮೇಲೆ ಆಪರೇಷನ್ ಎಂದರು ಡಾಕ್ಟರು. ಬಣ್ಣದ ಯಂತ್ರ ನೋಡುವವನಿಗೆ ಬಣ್ಣವೇ ಕಾಣುವುದಿಲ್ಲವೆಂದರೆ ಕಂಪನಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಮಗಳು ಇನ್ನೂ ಏಳನೆಯ ಕ್ಲಾಸಿನಲ್ಲಿದ್ದಳು.

ಅಂದಿನಿಂದ ಹಾಳೆಗಳು ಮನೆಗೆ ಬರತೊಡಗಿದವು. ಯಾವುದೋ ಕಟ್ಟಡದ ನಕ್ಷೆ, ಯಾರದೋ ಎಕ್ಸರೇ ರಿಪೋರ್ಟು, ಸೋಪಿನ ಜಾಹೀರಾತು. ಕೈ ತೊಳೆದುಕೊಂಡು ಕೂತ ತಕ್ಷಣ ಅವರ ಮೊದಲ ಮಾತು, "ಹಳದಿ ಎಷ್ಟಿದೆ?" ಹೆಂಡತಿ ಕಿಟಕಿಯ ಬಳಿ ನಿಂತು ನೋಡಿ ಹೇಳುವಳು. ಯಾವ ಬಣ್ಣ ಸೊರಗಿದರೆ ಮುಖ ಹೇಗಾಗುತ್ತದೆ, ತಪ್ಪು ಗಾಜಿನದೋ ಬಣ್ಣದ ಪುಡಿಯದೋ ಎಂದು ತಿಳಿಯುವುದು ಹೇಗೆ, ಎಲ್ಲವನ್ನೂ ಅವರು ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ ಕಲಿಸಿದರು. ಒಮ್ಮೆ ಕೆಂಪು ಜಾಸ್ತಿಯೋ ಅಲ್ಲವೋ ಎಂದು ಇಬ್ಬರಿಗೂ ಜಗಳವೇ ಆಯಿತು. ಮರುದಿನ ಸಂಜೆ ಅವರು ಬಾಗಿಲಲ್ಲೇ ನಿಂತು, "ನೀನೇ ಸರಿ ಮಾರಾಯ್ತಿ," ಎಂದು ಒಪ್ಪಿಕೊಂಡರು. ಅವಳು ಒಂದು ವಾರ ಬೀಗುತ್ತ ಓಡಾಡಿದಳು.

ಎರಡು ವರ್ಷ ಹೀಗೇ ನಡೆಯಿತು. ಆಪರೇಷನ್ ಆದಮೇಲೂ ಇಬ್ಬರೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

*

ಅಮ್ಮ ಮಗಳ ಜೊತೆ ಆಫೀಸಿಗೆ ಬಂದವರೇ ಗಾಜನ್ನು ಒರೆಸಿದರು. "ಟೆಸ್ಟ್ ಪೇಜ್ ತೆಗೀರಿ," ಎಂದರು.

ಹೆಡ್ ಕ್ಲರ್ಕ್ ಮಗಳ ಮುಖ ನೋಡಿ, ಗುಂಡಿ ಒತ್ತಿದರು. ನಾಲ್ಕು ಪಟ್ಟಿಗಳ ಹಾಳೆ ಬಂತು. ಕಪ್ಪು, ನೀಲಿ, ಕೆಂಪು ಮೂರೂ ಗಟ್ಟಿಯಾಗಿದ್ದವು. ಹಳದಿ ಇದೆಯೋ ಇಲ್ಲವೋ ಎಂಬಂತಿತ್ತು.

"ಫೋಟೋದ್ದೂ ತಪ್ಪಿಲ್ಲ, ಗಾಜಿನದ್ದೂ ತಪ್ಪಿಲ್ಲ. ಹಳದಿ ಒಳಗೇ ಸೊರಗಿದೆ."

"ಸಾಧ್ಯಾನೇ ಇಲ್ಲ ಮೇಡಂ. ಹಳದಿ ಟೋನರ್ ಡಬ್ಬಿ ಹೊಸದು. ಶುಕ್ರವಾರ ನಾನೇ ಹಾಕಿದ್ದು."

"ಬಣ್ಣ ಕೆಟ್ಟಿದ್ದು ಯಾವಾಗಿಂದ?"

ಹೆಡ್ ಕ್ಲರ್ಕ್ ಬೆರಳಲ್ಲಿ ದಿನ ಎಣಿಸಿದರು. "ಶುಕ್ರವಾರದಿಂದಲೇ."

ಅಮ್ಮ ಡಬ್ಬಿಯನ್ನು ಹೊರಗೆಳೆಸಿ ತಿರುಗಿಸಿ ನೋಡಿದರು. ಪುಡಿ ಬೀಳುವ ಬಾಯಿಗೆ ಅಂಟಿಸಿದ್ದ, ಹಾಕುವ ಮುಂಚೆ ಪೂರ್ತಿ ಕೀಳಬೇಕಾದ ಪಟ್ಟಿ ಅರ್ಧಕ್ಕೇ ಹರಿದು ಒಳಗೆ ಉಳಿದಿತ್ತು. ಉಗುರಿನಿಂದ ತುದಿ ಎಬ್ಬಿಸಿ, ಉಸಿರು ಬಿಗಿಹಿಡಿದು ಮೆಲ್ಲಗೆ ಎಳೆದರು. ಪೂರ್ತಿ ಬಂತು.

ಇನ್ನೊಂದು ಪ್ರತಿ ತೆಗೆದರು. ಹಾಳೆ ನೋಡಿದ್ದೇ ಮಗಳು ಮುಖ ತಿರುಗಿಸಿಕೊಂಡಳು. ಈಗ ಹಳದಿ ವಿಪರೀತವಾಗಿ, ಆಸ್ಪತ್ರೆಯ ಹಾಸಿಗೆಯ ಅಪ್ಪನೇ ಹೊರಬಂದಿದ್ದರು.

"ಸಾಕಮ್ಮ. ಬಿಟ್ಟುಬಿಡೋಣ."

ಅಮ್ಮ ಹಾಳೆ ಬಿಡಲಿಲ್ಲ. "ಎರಡು ದಿನ ಹಳದಿ ಇಲ್ಲ ಅಂತ ಯಂತ್ರ ಇರೋ ಬಲವೆಲ್ಲ ಅದಕ್ಕೇ ಹಾಕಿದೆ. ಈಗ ಅದಕ್ಕೆ ಅಳತೆ ಹೇಳಿಕೊಡ್ಬೇಕು, ಅಷ್ಟೇ. ಸರ್, ಬಣ್ಣ ಹೊಂದಿಸೋದು ಅಂತ ಇರತ್ತೆ ನೋಡಿ."

ಯಂತ್ರ ಚಿಕ್ಕ ಚಿಕ್ಕ ಬಣ್ಣದ ಚೌಕಗಳ ಹಾಳೆಯೊಂದನ್ನು ಕೊಟ್ಟಿತು. ಅಮ್ಮ ಅದನ್ನು ಗಾಜಿನ ಮೇಲೆ ಕವುಚಿ ಹಾಕಿ ಮುಚ್ಚಳ ಮುಚ್ಚಿದರು. ತಾನು ಬರೆದದ್ದನ್ನು ತಾನೇ ಓದಿಕೊಳ್ಳುವಂತೆ ಯಂತ್ರ ಗುರುಗುಟ್ಟಿತು.

ಕಾಯುತ್ತ ನಿಂತಾಗ ಹೆಡ್ ಕ್ಲರ್ಕ್ ತಡೆಯಲಾರದೆ ಕೇಳಿದರು: "ಇದೆಲ್ಲ ನಿಮಗೆ ಹೇಗೆ ಗೊತ್ತು?"

ಅಮ್ಮ ಮಗಳನ್ನೊಮ್ಮೆ ನೋಡಿದರು. "ಮಧ್ಯೆ ಎರಡು ವರ್ಷ ಅವರಿಗೆ ಬಣ್ಣ ಕಾಣ್ತಿರ್ಲಿಲ್ಲ. ಅವರು ರಿಪೇರಿ ಮಾಡೋರು. ನಾನು ನೋಡಿ ಹೇಳೋಳು."

"ಅದಕ್ಕೇ!" ಹೆಡ್ ಕ್ಲರ್ಕ್ ಮೇಜು ಕುಟ್ಟಿದರು. "ಬಣ್ಣದ ದೂರು ಅಂದ್ರೆ ಸಾಕು, ಹಾಳೆ ಬ್ಯಾಗಿಗೆ ಹಾಕ್ಕೊಂಡು, 'ನಾಳೆ ಬೆಳಗ್ಗೆ ಮುಗಿಸಿಕೊಡ್ತೀನಿ' ಅಂತಿದ್ರು. ಮನೇಲಿ ಏನೋ ಲ್ಯಾಬ್ ಇಟ್ಕೊಂಡಿದ್ದಾರೆ ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ!"

"ಇತ್ತು," ಎಂದರು ಅಮ್ಮ. "ಅಡುಗೆಮನೆ ಕಿಟಕಿ."

ಮಗಳಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಹೆಡ್ ಕ್ಲರ್ಕ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆ ಎರಡು ವರ್ಷದಲ್ಲಿ ಒಂದು ದೂರೂ ಎರಡನೇ ಸಲ ಬರ್ಲಿಲ್ಲ ಮೇಡಂ. ಒಂದೂ."

ಯಂತ್ರ ಸುಮ್ಮನಾದಾಗ ಅಮ್ಮ ಫೋಟೋವನ್ನು ಮತ್ತೆ ಗಾಜಿನ ಮೇಲಿಟ್ಟರು; ಹಾಳೆ ಹೊರಬಂತು. ಅಮ್ಮ ಅದನ್ನು ಕಿಟಕಿಗೆ ಒಯ್ದರು. ಗೋಧಿ ಬಣ್ಣದ ಹಣೆ, ನರೆತ ಮೀಸೆ, ಬಿಸಿಲುಂಡ ಮೂಗು. ಕಣ್ಣಿನ ಬಿಳಿ ಬಿಳಿಯಾಗಿಯೇ ಇತ್ತು.

"ಸರಿಯಾಗಿದೆ," ಎಂದರು. ಇಪ್ಪತ್ತೇಳು ವರ್ಷ ಕೆಲಸ ಮಾಡಿದವರ ದನಿಯಲ್ಲಿ.

ಮೊದಲ ಪ್ರತಿ ಮನೆಗೆ ಹೋಗಿ ಅಪ್ಪನ ತಲೆಯ ಬಳಿ ನಿಂತಿತು. ಅದನ್ನು ನೋಡಿದ ತಂಗಿ, "ನಮ್ಮಣ್ಣ!" ಎಂದು ಕೂಗಿದವಳು ತನಗೂ ಒಂದು ಬೇಕೆಂದು ರಸ್ತೆ ದಾಟಿ ಬಂದಳು. ಅವಳ ಹಿಂದೆ ಹಳೆಯ ಜೊತೆಗಾರರು, ಪಕ್ಕದ ಮನೆಯವರು, ಮಗಳ ಗೆಳತಿಯರು ಬಂದರು. ಹೆಡ್ ಕ್ಲರ್ಕ್ ಗುಂಡಿ ಒತ್ತುತ್ತಲೇ ಇದ್ದರು. ಅಮ್ಮ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ತಲೆಯಾಡಿಸಿ, ಮುಂದಿನ ಕೈಗೆ ದಾಟಿಸಿದರು.

ನಾಲ್ಕಕ್ಕೆ ವ್ಯಾನು ಬಂದು ನಿಂತಾಗ ಆಫೀಸಿನ ಮೆಟ್ಟಿಲಿನಿಂದ ಮನೆಯ ಬಾಗಿಲತನಕ ಜನ ಸಾಲಾಗಿ ರಸ್ತೆ ದಾಟುತ್ತಿದ್ದರು. ಎಲ್ಲರ ಎದೆಯ ಮೇಲೂ ಅದೇ ಮುಖ. ಇಳಿಬಿಸಿಲಿನಲ್ಲಿ ಒಂದರ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.